ಇದ್ದಿಲು ಡಬ್ಬಿ ಬಿಟ್ಟ ಕಾರ್ತೀಕ ಮಾಸ

ಒಗೆಯೋ ಬಟ್ಟೆಯ ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ನನ್ನ ಹಳದಿ ದುಪಟ್ಟಾ. ಅದನ್ನೆತ್ತಿ ಮೆಷಿನ್ನಿಗೆ ಹಾಕುವಾಗ ಕೈಗೆ ತಣ್ಣಗೆ ತಾಗಿತು. ನಲ್ಲಿ ಸೋರಿರಬೇಕು ಅಂದುಕೊಂಡು ಮೂಗಿನ ಹತ್ತಿರ ತಂದೆ. ಆಮೇಲೆ ಅನುಮಾನ ಉಳಿಯಲಿಲ್ಲ. ಬೆಕ್ಕು ಸಾಕಿದವರಿಗೆ ಆ ವಾಸನೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. 2024ರ ನವೆಂಬರ್ 1, ರಾಜ್ಯೋತ್ಸವದ ಬೆಳಗ್ಗೆ. ಹಿಂದಿನ ದಿನ ನರಕ ಚತುರ್ದಶಿ, ಮಾರನೇ ದಿನ ಬಲಿಪಾಡ್ಯಮಿ. ಮನೆಯಲ್ಲಿ ಅಮ್ಮ, ತಂಗಿ, ತಂಗಿಯ ಗಂಡ. ಯಾರಿಗೂ ಹೇಳದೆ ದುಪಟ್ಟಾ ಒಗೆಯಲು ಹಾಕಿ, ಸೋಪಿನ ಪುಡಿ ಎರಡು ಪಟ್ಟು ಸುರಿದೆ.

ಇದ್ದಿಲು ನನ್ನ ಬೆಕ್ಕು. ಗಂಡು, ನಾಲ್ಕು ವರ್ಷ, ಐದು ಕಿಲೋ ಇನ್ನೂರು ಗ್ರಾಂ. ಜೆ.ಪಿ. ನಗರದ ನಮ್ಮ ಬೀದಿಯ ತುದಿಯಲ್ಲಿ ಒಂದು ಇಸ್ತ್ರಿ ಗಾಡಿ ನಿಲ್ಲುತ್ತದೆ. ಅದರ ಕೆಳಗಿನ ಇದ್ದಿಲ ಚೀಲದಲ್ಲಿ ಒಂದು ಮಳೆಗಾಲ ಮೂರು ಮರಿ ಹುಟ್ಟಿ ಒಂದು ಉಳಿಯಿತು. “ಇದ್ದಿಲು ಅಂದ್ಕೊಂಡು ಇಸ್ತ್ರಿ ಪೆಟ್ಟಿಗೆಗೆ ಹಾಕ್ಬಿಡ್ತಿದ್ದೆ ಮೇಡಂ, ಅಷ್ಟರಲ್ಲಿ ಮಿಯಾಂವ್ ಅಂತು” ಎಂದು ಇಸ್ತ್ರಿಯವರು ಅಂಗೈಯಗಲದ ಕಪ್ಪು ಉಂಡೆಯೊಂದನ್ನು ನನ್ನ ಕೈಗಿಟ್ಟರು. ಹೆಸರು ಅಲ್ಲೇ ಸಿಕ್ಕಿತು. ಮೊದಲ ದಿನ ಒಂದು ಟ್ರೇಯಲ್ಲಿ ಲಿಟರ್, ಅಂದರೆ ಬೆಕ್ಕಿನ ಕಕ್ಕಸಿಗೆ ಹಾಕುವ ಮಣ್ಣಿನಂಥ ಕಾಳು, ಹಾಕಿಟ್ಟೆ. ಮರಿ ತಾನಾಗಿ ಹತ್ತಿ, ಕೆದರಿ, ಕೂತು, ಮುಚ್ಚಿ ಇಳಿಯಿತು. ಕಲಿಸಿದ್ದು ಏನೂ ಇಲ್ಲ. ಆಫ್ರಿಕಾದ, ಪಶ್ಚಿಮ ಏಷ್ಯಾದ ಒಣ ನೆಲದ ಕಾಡುಬೆಕ್ಕುಗಳ ವಂಶ. ಸಡಿಲವಾದ ಮಣ್ಣು ಕಂಡರೆ ಕೆದರುವುದು ಅದರ ರಕ್ತದಲ್ಲೇ ಇದೆ. ಆಮೇಲೆ ನಾಲ್ಕು ವರ್ಷ ಒಂದು ಹನಿಯೂ ಹೊರಗೆ ಬಿದ್ದಿರಲಿಲ್ಲ. ಸ್ನೇಹಿತರ ಮುಂದೆ ನಾನು ಈ ವಿಷಯದಲ್ಲಿ ಸ್ವಲ್ಪ ಜಂಬವನ್ನೂ ಪಡುತ್ತಿದ್ದೆ.

ಬಲಿಪಾಡ್ಯಮಿಯ ರಾತ್ರಿ ಜಂಬ ಇಳಿಯಿತು. ಅಮ್ಮನಿಗೆ ಸ್ಪ್ರಿಂಗ್ ಹಾಸಿಗೆ ಆಗುವುದಿಲ್ಲ. ಅವಳಿಗೆಂದೇ ತಿಪಟೂರಿನಲ್ಲಿ ಹೊಲಿಸಿ ತಂದಿದ್ದ ಹತ್ತಿ ಹಾಸಿಗೆ ನೆಲದ ಮೇಲೆ ಹಾಸಿರುತ್ತದೆ. ಊಟ ಮುಗಿಸಿ ಮಲಗಲು ಹೋದವಳು ಎದ್ದು ಬಂದು ಮೆತ್ತಗೆ ಹೇಳಿದಳು: “ನಿನ್ನ ಬೆಕ್ಕು ನನ್ನ ಹಾಸಿಗೆ ಮೇಲೆ ಕೂತ್ಕೊಂಡು, ನನ್ನ ಮುಖಾನೇ ನೋಡ್ತಾ, ಉಚ್ಚೆ ಹೊಯ್ತು ಕಣೇ.”

“ಮುಖಾನೇ ನೋಡ್ತಾ” ಅನ್ನುವುದರಲ್ಲಿ ಅವಳ ತೀರ್ಪೂ ಇತ್ತು. ಬೆಕ್ಕಿಗೆ ಸಿಟ್ಟು. ಮನೆಗೆ ನೆಂಟರು ಬಂದದ್ದು ಅದಕ್ಕೆ ಆಗಿಲ್ಲ. ತಂಗಿಯ ಗಂಡ “ಸೇಡು ತೀರಿಸ್ಕೊಳ್ತಾ ಇದಾನೆ” ಅಂದ. ನನಗೂ ಹಾಗೇ ಅನ್ನಿಸಿತು. ಅದೇ ನಾನು ಮಾಡಿದ ಮೊದಲ ತಪ್ಪು, ಒಂದು ವಾರ ಕಳೆದದ್ದು ಅದರಿಂದಲೇ. ಕೋಣೆಯ ಮೂಲೆಯಲ್ಲಿ ಇದ್ದಿಲನ್ನು ಹಿಡಿದು, ಒದ್ದೆ ಹಾಸಿಗೆ ತೋರಿಸಿ, ಗಟ್ಟಿಯಾಗಿ ಗದರಿದೆ. ಅವನು ಕಿವಿಗಳನ್ನು ತಲೆಗಂಟಿಸಿ ಮಂಚದ ಕೆಳಗೆ ಹೋದವನು ಬೆಳಗಿನವರೆಗೆ ಹೊರಗೆ ಬರಲಿಲ್ಲ.

ಇಲ್ಲೊಂದು ಹಿನ್ನೆಲೆ ಹೇಳಬೇಕು. ತಂಗಿಗೆ ಆಗ ಐದು ತಿಂಗಳು. “ಬಸುರಿ ಬರೋ ಮನೇಲಿ ಬೆಕ್ಕಾ?” ಎಂದು ಅವಳ ಅತ್ತೆ ಫೋನಿನಲ್ಲಿ ರಾಗ ಎಳೆದಿದ್ದರು. ಟಾಕ್ಸೊಪ್ಲಾಸ್ಮಾ ಎನ್ನುವ ಪರೋಪಜೀವಿಯ ಭಯ. ಭಯ ಪೂರ್ತಿ ಸುಳ್ಳೇನಲ್ಲ. ಸೋಂಕು ತಗುಲಿದ ಬೆಕ್ಕಿನ ಮಲದಲ್ಲಿ ಅದರ ಮೊಟ್ಟೆಯಂಥ ಕಣಗಳು ಬರುತ್ತವೆ. ಆದರೆ ಅವು ಹೊರಗೆ ಬಿದ್ದು ಒಂದರಿಂದ ಐದು ದಿನ ಕಳೆದ ಮೇಲಷ್ಟೇ ಸೋಂಕು ಹರಡುವ ಸ್ಥಿತಿಗೆ ಬರುತ್ತವೆ. ದಿನವೂ ಟ್ರೇ ತೆಗೆದರೆ, ಅದನ್ನೂ ಬಸುರಿಯಲ್ಲದವರು ತೆಗೆದರೆ, ಹಸಿ ಮಾಂಸ ಕಾಣದ, ಬೇಟೆಗೆ ಹೋಗದ ಮನೆಬೆಕ್ಕಿನಿಂದ ಬರುವ ಅಪಾಯ ಬಹಳ ಕಡಿಮೆ. ಸರಿಯಾಗಿ ತೊಳೆಯದ ಸೊಪ್ಪು, ಅರೆಬೆಂದ ಮಾಂಸ, ಕೈದೋಟದ ಮಣ್ಣು, ಇವುಗಳ ಬಗ್ಗೆ ಹೆಚ್ಚು ಎಚ್ಚರವಿರಬೇಕು. ಇಷ್ಟೆಲ್ಲ ಗೊತ್ತಿದ್ದೂ ನೆಂಟರ ಬಾಯಿಗೆ ಹೆದರಿದೆ. ಹಬ್ಬಕ್ಕೆ ಮೂರು ದಿನ ಮುಂಚೆ, ಹಳೆಯ ತೆರೆದ ಟ್ರೇ ಬಿಸಾಕಿ, ಮುಚ್ಚಳವೂ ನೂಕುಬಾಗಿಲೂ ಇರುವ ಹೊಸ ಡಬ್ಬಿ ತಂದೆ. ಅದಕ್ಕೆ ಲ್ಯಾವೆಂಡರ್ ಪರಿಮಳದ ಲಿಟರ್ ತುಂಬಿದೆ. ಹಾಲಿನ ಮೂಲೆಯಲ್ಲಿ ಇರುತ್ತಿದ್ದುದನ್ನು ಯುಟಿಲಿಟಿಗೆ, ವಾಷಿಂಗ್ ಮೆಷಿನ್ನಿನ ಪಕ್ಕಕ್ಕೆ, ಯಾರ ಕಣ್ಣಿಗೂ ಬೀಳದ ಹಾಗೆ ಸರಿಸಿದೆ. ಮೂರು ಬದಲಾವಣೆ, ಒಂದೇ ದಿನ. ಅದರ ಮೇಲೆ ನಾಲ್ಕು ರಾತ್ರಿ ಪಟಾಕಿ.

ತಂಗಿ ನವೆಂಬರ್ 4ಕ್ಕೆ ಹೊರಟಳು. ಕಣ್ಣಿನ ಪೊರೆ ತೋರಿಸುವುದಿದ್ದ ಅಮ್ಮ ಉಳಿದಳು. ನೆಂಟರು ಹೋದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆವು. ಸೋಫಾದ ಮೂಲೆ, ನನ್ನ ಲ್ಯಾಪ್‌ಟಾಪ್ ಚೀಲ, ಮತ್ತೆ ಅಮ್ಮನ ಹಾಸಿಗೆ. ಪಕ್ಕದ ಮನೆಯ ಆಂಟಿ ಕೊಟ್ಟ ಕಪ್ಪು ಫಿನಾಯಿಲ್‌ನಿಂದ ಇಡೀ ಮನೆ ಒರೆಸಿದೆವು.

6ನೇ ತಾರೀಕು ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ವೈದ್ಯರು ಬುಟ್ಟಿಯ ಜಾಲರಿಯಿಂದಲೇ ನೋಡಿ, “ಆಪರೇಷನ್ ಆಗಿದೆಯಾ? ಆಗಿದ್ರೂ ಗಂಡು ಬೆಕ್ಕು ಹೀಗೆ ಗುರುತು ಹಾಕುತ್ತೆ, ಬಿಹೇವಿಯರ್ ಪ್ರಾಬ್ಲಂ” ಅಂದರು. ಒಂದು ಆ್ಯಂಟಿಬಯಾಟಿಕ್ ಇಂಜೆಕ್ಷನ್ ಚುಚ್ಚಿ ಕಳಿಸಿದರು. ನಾಲ್ಕು ನಿಮಿಷದ ಕೆಲಸ. ಗುರುತು ಹಾಕುವ ಬೆಕ್ಕು ನಿಂತೇ ಬಾಲ ಎತ್ತಿ ನಡುಗಿಸುತ್ತಾ ಗೋಡೆಗೆ, ಬಾಗಿಲಿಗೆ ಚಿಮುಕಿಸುತ್ತದೆ. ಇದ್ದಿಲು ಕೂತು ನೆಲಕ್ಕೆ ಮಾಡುತ್ತಿದ್ದ. ಆ ವ್ಯತ್ಯಾಸ ಅವರೂ ಕೇಳಲಿಲ್ಲ, ನನಗೂ ಆಗ ಹೊಳೆಯಲಿಲ್ಲ.

ಶನಿವಾರ, 9ನೇ ತಾರೀಕು, ಬೆಳಗಿನ ಐದೂವರೆ. ಬಚ್ಚಲುಮನೆಯ ಲೈಟು ಹಾಕಿದರೆ ಇದ್ದಿಲು ಬಿಳಿ ಟೈಲ್ಸ್ ಮೇಲೆ, ನೀರು ಹೋಗುವ ಜಾಲರಿಯ ಪಕ್ಕ ಕೂತಿದ್ದಾನೆ. ಬೆನ್ನು ಬಿಲ್ಲಿನ ಹಾಗೆ ಬಾಗಿದೆ. ತುಂಬ ಹೊತ್ತು ಕೂತು, ಎದ್ದು, ಎರಡು ಹೆಜ್ಜೆ ಸರಿದು, ಮತ್ತೆ ಕೂತ. ಒಂದು ಸಲ ಕೂಗಿದ. ಊಟಕ್ಕೆ ಕೂಗುವ ಕೂಗು ನನಗೆ ಗೊತ್ತು. ಇದು ಬೇರೆ, ಹೊಟ್ಟೆಯ ಆಳದಿಂದ ಬಂದದ್ದು. ಅವನು ಎದ್ದ ಜಾಗದಲ್ಲಿ ಮೂರು ಹನಿ ಇದ್ದವು, ಕುಂಕುಮ ಕದಡಿದ ನೀರಿನ ಬಣ್ಣದವು.

ಹಾಸಿಗೆ ಮೇಲೆ ಮಾಡಿದ್ದಿದ್ದರೆ ಆ ಬಣ್ಣ ಕಾಣಿಸುತ್ತಲೇ ಇರಲಿಲ್ಲ. ಒಂದು ವಾರದಿಂದ ನಾವು ಸಿಟ್ಟು ಅಂದುಕೊಂಡದ್ದು ರಕ್ತವಾಗಿತ್ತು. ಅಮ್ಮ ಬಾಗಿಲಲ್ಲಿ ನಿಂತು ನೋಡಿ, “ಅಯ್ಯೋ, ಪಾಪದ್ದು. ಉರಿಮೂತ್ರ ಕಣೇ ಇದಕ್ಕೆ” ಅಂದಳು. ಪಕ್ಕದ ಮನೆಯ ಆಂಟಿ ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ಪು ಅರ್ಧ ಚಮಚ ಕೊಡಿ ಎಂದು ಬಾಟಲಿ ಸಮೇತ ಬಂದರು. ಪುಣ್ಯಕ್ಕೆ ಕೊಡಲಿಲ್ಲ, ಬೇರೊಂದು ಆಸ್ಪತ್ರೆ ಹುಡುಕಿಕೊಂಡು ಆಟೋ ಹತ್ತಿದೆ.

ಅಲ್ಲಿದ್ದವರು ನನಗಿಂತ ಚಿಕ್ಕ ವಯಸ್ಸಿನ ವೈದ್ಯೆ. ಮಾತಿಗೆ ಮೊದಲು ಇದ್ದಿಲ ಹೊಟ್ಟೆಯ ಕೆಳಗೆ ಕೈಯಿಟ್ಟು ಮೆಲ್ಲಗೆ ಒತ್ತಿ ನೋಡಿದರು. “ಬ್ಲಾಕ್ ಆಗಿಲ್ಲ” ಎಂದು ಉಸಿರು ಬಿಟ್ಟರು. ಆಮೇಲೆ ವಿವರಿಸಿದರು. ಗಂಡು ಬೆಕ್ಕಿನ ಮೂತ್ರನಾಳ ತುಂಬ ಸಣ್ಣದು. ಹರಳಿನ ಪುಡಿ, ಲೋಳೆ ಸೇರಿ ಅದು ಕಟ್ಟಿಕೊಂಡರೆ ಮೂತ್ರಕೋಶ ಕಲ್ಲಿನ ಹಾಗೆ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಹೊರಗೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಏರಿ ಹೃದಯದ ಬಡಿತ ತಪ್ಪುತ್ತದೆ. ಎರಡು ಮೂರು ದಿನದಲ್ಲಿ ಪ್ರಾಣ ಹೋಗಬಹುದು. “ಮತ್ತೆ ಮತ್ತೆ ಕೂತ್ಕೋತಾನೆ, ಒಂದು ಹನೀನೂ ಬರ್ತಿಲ್ಲ, ವಾಂತಿ ಮಾಡ್ತಾನೆ ಅಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ. ರಾತ್ರಿ ಎರಡು ಗಂಟೆ ಆದ್ರೂ ತರ್ಬೇಕು.” ನಾನು ಒಂದು ವಾರ ಕಾದಿದ್ದೆ. ಇವನಿಗೆ ಹನಿ ಬರುತ್ತಿದ್ದದ್ದು ನನ್ನ ಅದೃಷ್ಟ.

ಪ್ಯಾರಾಸಿಟಮಾಲ್ ಮಾತೆತ್ತಿದಾಗ ಅವರ ಮುಖ ಬದಲಾಯಿತು. ಅದನ್ನು ಅರಗಿಸುವ ಕಿಣ್ವ ಬೆಕ್ಕಿನ ಪಿತ್ತಜನಕಾಂಗದಲ್ಲಿ ಇಲ್ಲವೇನೋ ಅನ್ನುವಷ್ಟು ಕಡಿಮೆಯಂತೆ. ದೊಡ್ಡವರ ಒಂದು ಮಾತ್ರೆ ಸಾಕು, ಬೆಕ್ಕು ಸಾಯಲು. ಕಪ್ಪು ಫಿನಾಯಿಲ್‌ನಲ್ಲಿರುವ ಫಿನಾಲ್ ಕೂಡ ಇದೇ ಕಾರಣಕ್ಕೆ ವಿಷ: ನೆಲದಿಂದ ಪಾದಕ್ಕೆ, ಪಾದ ನೆಕ್ಕಿದರೆ ಹೊಟ್ಟೆಗೆ. ಎರಡು ದಿನ ಮನೆಯೆಲ್ಲ ಒರೆಸಿದ್ದು ನೆನಪಾಗಿ ನನ್ನ ಬಾಯಿ ಒಣಗಿತು.

ಅಲ್ಟ್ರಾಸೌಂಡಿನಲ್ಲಿ ಕಲ್ಲು ಕಾಣಲಿಲ್ಲ, ಮೂತ್ರಕೋಶದ ಗೋಡೆ ದಪ್ಪಗಾಗಿತ್ತು. ಸಣ್ಣ ಸೂಜಿಯಿಂದ ನೇರವಾಗಿ ಮೂತ್ರಕೋಶದಿಂದಲೇ ಮೂತ್ರ ತೆಗೆದರು. ರಿಪೋರ್ಟಿನಲ್ಲಿ ರಕ್ತಕಣ ಬೇಕಾದಷ್ಟು, ಬ್ಯಾಕ್ಟೀರಿಯಾ ಇಲ್ಲ, ಹರಳು ಅಲ್ಲೊಂದು ಇಲ್ಲೊಂದು, ಸಾಂದ್ರತೆ 1.054. ನೀರು 1.000 ಅಂದರೆ ಇದು ಎಷ್ಟು ಗಟ್ಟಿ ಎಂದು ಲೆಕ್ಕ ಹಾಕಬಹುದು. ಕಾಯಿಲೆಯ ಹೆಸರಿನಲ್ಲೇ “ಕಾರಣ ತಿಳಿಯದ” ಎಂಬ ಅರ್ಥವಿದೆ: ಇಡಿಯೋಪಥಿಕ್ ಸಿಸ್ಟೈಟಿಸ್. ಎಳೆಯ, ಮಧ್ಯವಯಸ್ಸಿನ ಬೆಕ್ಕುಗಳಲ್ಲಿ ಮೂತ್ರದ ತೊಂದರೆಗೆ ಸೋಂಕು ಕಾರಣವಾಗಿರುವುದು ಅಪರೂಪ, ಹಾಗಾಗಿ ಮೊದಲ ಇಂಜೆಕ್ಷನ್ನಿಂದ ಉಪಯೋಗ ಆಗುವಂತೆಯೇ ಇರಲಿಲ್ಲ. ಮೂತ್ರಕೋಶದ ಒಳಗೋಡೆಗೆ ಒಂದು ರಕ್ಷಣೆಯ ಪದರ ಇರುತ್ತದೆ. ಈ ಕಾಯಿಲೆಯಲ್ಲಿ ಅದು ತೆಳುವಾಗಿ, ಗಟ್ಟಿ ಮೂತ್ರ ಗೋಡೆಯನ್ನು ಸುಡುತ್ತದೆ. ಗಾಬರಿ, ಒತ್ತಡ ಅದನ್ನು ಕೆರಳಿಸುತ್ತದೆ. “ಇತ್ತೀಚೆಗೆ ಮನೇಲಿ ಏನಾದ್ರೂ ಬದಲಾಯ್ತಾ?” ಎಂದು ಕೇಳಿದರು. ಹೇಳುತ್ತಾ ಹೋದೆ. ಅವರು ಬರೆದುಕೊಳ್ಳುತ್ತಾ ಹೋದರು. ಕೊನೆಗೆ ಪೆನ್ನು ಇಟ್ಟು, “ದಿನಕ್ಕೆ ಎಷ್ಟು ಸಲ ಮಾಡ್ತಾನೆ?” ಅಂದರು. ನಾಲ್ಕು ವರ್ಷ ಸಾಕಿದ್ದೇನೆ, ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರದ ಜವಾಬ್ದಾರಿ ಅಮ್ಮ ವಹಿಸಿಕೊಂಡಳು. ಅಡುಗೆಮನೆಯ ಗೋಡೆಯಲ್ಲಿ ಪಂಚಾಂಗದ ಕ್ಯಾಲೆಂಡರ್ ತೂಗುತ್ತದೆ. ತಿಥಿ, ನಕ್ಷತ್ರ, ರಾಹುಕಾಲದ ಕೆಳಗೆ ಉಳಿದ ಚೂರು ಜಾಗದಲ್ಲಿ ಅವಳು ಹಾಲಿನ ಲೆಕ್ಕ ಬರೆಯುವುದು ವಾಡಿಕೆ. ಅದೇ ಚೌಕದಲ್ಲಿ ಬೆಕ್ಕಿನ ಲೆಕ್ಕವೂ ಶುರುವಾಯಿತು. ಲಿಟರ್ ಅನ್ನುವ ಪದ ಅವಳ ಬಾಯಲ್ಲಿ ಲೀಟರ್ ಆಗಿಬಿಟ್ಟಿತ್ತು. “ಲೀಟರ್ ಡಬ್ಬಿ” ಅನ್ನುತ್ತಿದ್ದಳು, ನಾನೂ ತಿದ್ದಲಿಲ್ಲ. 9ನೇ ತಾರೀಕಿನ ಚೌಕದಲ್ಲಿ, ರಾತ್ರಿ ಹತ್ತರವರೆಗೆ ಅವನು ಕೂತದ್ದನ್ನೆಲ್ಲ ಎಣಿಸಿ ಬರೆದಳು: ಲೀ 17.

ಔಷಧಿ ಅಂದರೆ ಐದು ದಿನ ನೋವಿನದು, ಅಷ್ಟೆ. ಕುಡಿಸುವುದು ನನ್ನಿಂದ ಆಗಲಿಲ್ಲ, ಎರಡೂ ಕೈ ಗೀರಿಸಿಕೊಂಡೆ. ಅಮ್ಮ ಹಳೇ ಟವಲಿನಲ್ಲಿ ಇದ್ದಿಲನ್ನು ಎಳೆಗೂಸಿಗೆ ಬಟ್ಟೆ ಸುತ್ತಿದ ಹಾಗೆ ಸುತ್ತಿ, ಮುಖ ಮಾತ್ರ ಹೊರಗೆ ಬಿಟ್ಟು, ತೊಡೆ ಮೇಲಿಟ್ಟುಕೊಂಡಳು. “ಮಾರ್ಚಿಗೆ ಹೇಗಿದ್ರೂ ಬೇಕಾಗತ್ತೆ, ಕೈ ಪಳಗಲಿ” ಅಂದಳು.

ಕಷ್ಟವಾದದ್ದು ನೀರು. ಬೆಕ್ಕು ಹುಟ್ಟಿನಿಂದಲೇ ಕಡಿಮೆ ನೀರು ಕುಡಿಯುವ ಪ್ರಾಣಿ. ಬೇಟೆಯಾಡಿ ತಿನ್ನುವಾಗ ಇಲಿಯ ಮಾಂಸದಲ್ಲೇ ನೀರು ಸಿಗುತ್ತಿತ್ತು. ನಾವು ಹಾಕುವ ಒಣ ಆಹಾರದಲ್ಲಿ ನೀರಿನ ಪಾಲು ನೂರಕ್ಕೆ ಹತ್ತರಷ್ಟು. ಪೌಚಿನಲ್ಲಿ ಬರುವ ಒದ್ದೆ ಆಹಾರದಲ್ಲಿ ಎಂಬತ್ತರ ಹತ್ತಿರ. ಹಾಗಾಗಿ ಒದ್ದೆಯದು ಕೊಡಿ ಎಂದರು ವೈದ್ಯೆ. ನಮ್ಮದು ಮೊಟ್ಟೆಯೂ ತಾರದ ಮನೆ. ಒಣ ಕಾಳನ್ನು ಅಮ್ಮ ಇಷ್ಟು ವರ್ಷ “ಬಿಸ್ಕತ್ತು” ಅಂದುಕೊಂಡು ನಿಭಾಯಿಸಿದ್ದಳು. ಟ್ಯೂನಾ ಮೀನಿನ ಪೌಚು ಕತ್ತರಿಸಿದ ದಿನ ಸೆರಗು ಮೂಗಿಗೆ ಒತ್ತಿಕೊಂಡು ದೇವರಮನೆಯ ಬಾಗಿಲು ಹಾಕಿ ಬಂದಳು. ಮೂರನೇ ದಿನ ನಾನು ಆಫೀಸಿನಿಂದ ಬಂದಾಗ, ಬಟ್ಟಲಿನಲ್ಲಿ ಪೌಚಿನದಕ್ಕೆ ಬಿಸಿನೀರು ಬೆರೆಸಿ ಚಮಚದಲ್ಲಿ ಕಲಸುತ್ತಿದ್ದಳು, ಸೆರಗು ಮೂಗಿನ ಮೇಲೇ ಇತ್ತು. ಹಾಲು ಕೊಡೋಣವೆಂದು ಮಾತ್ರ ಹಟ ಮಾಡಿದಳು. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದಿಲ್ಲ, ಭೇದಿಯಾಗಿ ಇರುವ ನೀರೂ ಹೋಗುತ್ತದೆ ಎಂದು ಒಪ್ಪಿಸಲು ಎರಡು ದಿನ ಬೇಕಾಯಿತು. ಬೆಕ್ಕಿಗೆ ಹಾಲು ಬೇಡ ಎಂದರೆ ನಂಬುವುದು ಕಷ್ಟವೇ.

ವಾರದೊಳಗೆ ರಕ್ತ ನಿಂತಿತು. ಲೆಕ್ಕ ಹದಿನೇಳರಿಂದ ಎಂಟು, ಐದು, ಮೂರಕ್ಕೆ ಇಳಿಯಿತು. ಆರೋಗ್ಯದ ಬೆಕ್ಕು ದಿನಕ್ಕೆ ಎರಡರಿಂದ ನಾಲ್ಕು ಸಲ ಮಾಡುತ್ತದೆ. ಆದರೆ ಆ ಮೂರೂ ಡಬ್ಬಿಯ ಹೊರಗೇ.

ನೋವು ಹೋದ ಮೇಲೂ ಯಾಕೆ? ಫೋನಿನಲ್ಲಿ ವೈದ್ಯೆ ಹೇಳಿದ್ದು ಇಷ್ಟು: “ಡಬ್ಬಿ ಒಳಗೆ ಕೂತಾಗಲೆಲ್ಲ ಅವನಿಗೆ ಉರೀತು. ಉರಿ ಯಾಕೆ ಅಂತ ಅವನಿಗೆ ಗೊತ್ತಿಲ್ಲ. ಎಲ್ಲಿ ಅಂತ ಗೊತ್ತು.” ಆ ರಾತ್ರಿ ನಾನು ಮಾಡಿದ ಕೆಲಸ ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ಯುಟಿಲಿಟಿಯಲ್ಲಿ ಮಂಡಿಯೂರಿ, ಆ ನೂಕುಬಾಗಿಲು ತಳ್ಳಿ, ನನ್ನ ತಲೆಯನ್ನೇ ಡಬ್ಬಿಯೊಳಗೆ ಹಾಕಿದೆ. ಕತ್ತಲು. ಲ್ಯಾವೆಂಡರ್ ಕಣ್ಣಿಗೆ ಹತ್ತಿತು, ಅದರ ಅಡಿಯಲ್ಲಿ ಅಮೋನಿಯಾ ಘಾಟು, ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಕೂತಿತ್ತು. ಮುಚ್ಚಳ ವಾಸನೆಯನ್ನು ನಮ್ಮಿಂದ ಮರೆಮಾಡಿ ಅವನಿಗೊಬ್ಬನಿಗೇ ಉಳಿಸಿತ್ತು. ಅಷ್ಟರಲ್ಲಿ ಪಕ್ಕದ ಮೆಷಿನ್ನು ಹಿಂಡಲು ಶುರುಮಾಡಿತು. ಡಬ್ಬಿಯ ಗೋಡೆ ನನ್ನ ಕಿವಿಯ ಹತ್ತಿರ ಗಡಗಡ ಅಂದಿತು. ಬೆಚ್ಚಿ ತಲೆ ಎತ್ತಲು ಹೋಗಿ ಮುಚ್ಚಳಕ್ಕೆ ಬಡಿಸಿಕೊಂಡೆ. ಮನೆಯಲ್ಲಿ ದಿನಾ ಬೆಳಗ್ಗೆ ಏಳಕ್ಕೆ ಮೆಷಿನ್ನು ಹಾಕುವುದು ನಾನೇ. ಇದ್ದಿಲು ಡಬ್ಬಿಗೆ ಹೋಗುತ್ತಿದ್ದದ್ದೂ ಅದೇ ಹೊತ್ತಿಗೆ.

ಡಬ್ಬಿಯನ್ನು ಮಾರನೇ ದಿನ ಗುಜರಿಗೆ ಹಾಕಿದೆ.

ಇನ್ನು ಅವನಿಗೆ ಏನು ಬೇಕು ಎಂದು ಅವನನ್ನೇ ಕೇಳಬೇಕಿತ್ತು. ಮಂಚದ ಕೆಳಗೆ ಬಟ್ಟೆ ತುಂಬಿಡುವ ಅಗಲದ ಪ್ಲಾಸ್ಟಿಕ್ ಪೆಟ್ಟಿಗೆಗಳು ಸಿಗುತ್ತವಲ್ಲ, ಅಂಥ ಮೂರು ತಂದೆ. ಮೂಗಿನಿಂದ ಬಾಲದ ಬುಡದವರೆಗೆ ಬೆಕ್ಕಿನ ಉದ್ದ ಎಷ್ಟೋ, ಪೆಟ್ಟಿಗೆ ಅದರ ಒಂದೂವರೆ ಪಟ್ಟಾದರೂ ಇರಬೇಕು. ಇದ್ದಿಲು 45 ಸೆಂಟಿಮೀಟರ್, ಪೆಟ್ಟಿಗೆ 70. ಅಂಗಡಿಯಲ್ಲಿ ಲಿಟರ್ ಟ್ರೇ ಎಂದು ಮಾರುವವು ಬಹುಪಾಲು ಇದಕ್ಕಿಂತ ಚಿಕ್ಕವು. ಒಂದು ಬದಿಯನ್ನು ಬಿಸಿ ಚಾಕುವಿನಿಂದ ಕತ್ತರಿಸಿ ತಗ್ಗು ಮಾಡಿದೆ. ಒಂದರಲ್ಲಿ ಪರಿಮಳವಿಲ್ಲದ ಬೆಂಟೊನೈಟ್ ಲಿಟರ್, ಒದ್ದೆಯಾದರೆ ಉಂಡೆ ಕಟ್ಟುವ ಜೇಡಿಮಣ್ಣು. ಇನ್ನೊಂದರಲ್ಲಿ ಮರದ ಗುಳಿಗೆ. ಮೂರನೆಯದು ಅಮ್ಮನದು.

ತಿಪಟೂರಿನ ನಮ್ಮ ಹಳೇ ಮನೆಯಲ್ಲಿ ಬೆಕ್ಕು ಇಲ್ಲದ ದಿನ ನನಗೆ ನೆನಪಿಲ್ಲ. ಕೊಬ್ಬರಿಗೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದಲ್ಲಿ ಹನ್ನೊಂದು, ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಉಂಡೆ ಕೊಬ್ಬರಿ ಕಟಕಟ ಅನ್ನಬೇಕು. ಅಷ್ಟು ದಿನ ಅಟ್ಟವನ್ನು ಇಲಿಯಿಂದ ಕಾಯುವುದು ಬೆಕ್ಕಿನ ಸಂಬಳವಿಲ್ಲದ ನೌಕರಿ. ಅವು ಎಲ್ಲಿಗೆ ಹೋಗುತ್ತಿದ್ದವೆಂದು ಯಾರೂ ಕೇಳಿದವರಿಲ್ಲ. “ಹಿತ್ಲಲ್ಲಿ, ನಾರು ಸುಲಿದ ಪುಡಿ ಗುಡ್ಡೆ ಇರ್ತಿತ್ತಲ್ಲ, ಅಲ್ಲಿ. ಮೆತ್ತಗಿರೋದು ಬೇಕು ಅದಕ್ಕೆ” ಅಂದ ಅಮ್ಮ, ನರ್ಸರಿಯಿಂದ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್ ತರಿಸಿದಳು. ಈಗ ಅದನ್ನು ಇಟ್ಟಿಗೆ ಮಾಡಿ ಮಾರುತ್ತಾರೆ. ನಮ್ಮ ಹಿತ್ತಲಿನ ಗುಡ್ಡೆಗೆ ದುಡ್ಡು ಕೊಟ್ಟದ್ದನ್ನು ಅವಳು ವಾರವಿಡೀ ಹೇಳಿದಳು.

ಮರದ ಗುಳಿಗೆಯನ್ನು ಇದ್ದಿಲು ಮೂಸಿಯೂ ನೋಡಲಿಲ್ಲ. ಅಮ್ಮನ ಕೊಕೊಪೀಟಿಗೆ ಎರಡನೇ ದಿನವೇ ಇಳಿದ. ಅವಳು ಫೋನಿನಲ್ಲಿ ತಂಗಿಗೆ ಸುದ್ದಿ ಮುಟ್ಟಿಸಿದಳು. ಆದರೆ ಒದ್ದೆ ಪುಡಿ ಅವನ ಪಾದಕ್ಕಂಟಿ ಸೋಫಾ, ದಿಂಬು, ಒಲೆಯ ಕಟ್ಟೆ, ಎಲ್ಲ ಕಡೆ ಕಂದು ಹೆಜ್ಜೆ ಮೂಡಿತು. ಆಮೇಲೆ ಎರಡನ್ನೂ ಬೆರೆಸಿದೆವು: ಎರಡು ಪಾಲು ಬೆಂಟೊನೈಟ್, ಒಂದು ಪಾಲು ನಾರಿನ ಪುಡಿ. ವಾರವಾರಕ್ಕೆ ಪುಡಿ ಕಡಿಮೆ ಮಾಡುತ್ತಾ ಬಂದೆವು. ಮೂರು ಅಂಗುಲ ಆಳಕ್ಕೆ ತುಂಬಿದಾಗ ಅವನು ನಿಜವಾಗಿ ಖುಷಿಯಿಂದ ಕೆದರಿದ.

ಜಾಗದ ವಿಷಯಕ್ಕೆ ಬಂದರೆ, ಒಂದನ್ನು ಹಳೆಯ ಹಾಲಿನ ಮೂಲೆಗೆ ಇಟ್ಟೆ. ಅಲ್ಲಿಂದ ಎರಡು ಬಾಗಿಲೂ ಕಾಣುತ್ತವೆ. ಯಾರೂ ತನ್ನನ್ನು ಮೂಲೆಗೆ ಒತ್ತರಿಸುವುದಿಲ್ಲ ಎಂಬ ಧೈರ್ಯ ಅವನಿಗೆ. ಬಂದವರ ಕಣ್ಣಿಗೆ ಬೀಳುತ್ತದೆ. ಬೀಳಲಿ. ಇನ್ನೊಂದು ಚಿಕ್ಕ ಕೋಣೆಯಲ್ಲಿ. ಒಂದೇ ಬೆಕ್ಕಾದರೂ ಎರಡು ಟ್ರೇ ಇರಬೇಕಂತೆ, ಬೆಕ್ಕಿನ ಲೆಕ್ಕಕ್ಕಿಂತ ಒಂದು ಹೆಚ್ಚು. ಮೊದಲ ಹತ್ತು ದಿನ ನಾನು ಮನೆಯಲ್ಲಿಲ್ಲದಾಗ ಅವನು ಚಿಕ್ಕ ಕೋಣೆಯಲ್ಲೇ ಇದ್ದ. ಒಂದು ತುದಿಗೆ ಟ್ರೇ, ಇನ್ನೊಂದು ತುದಿಗೆ ನೀರು, ಊಟ, ಅಡಗಲು ಒಂದು ರಟ್ಟಿನ ಡಬ್ಬ. ಅಮ್ಮ ಅದನ್ನು ಬಾಣಂತಿ ಕೋಣೆ ಅಂದಳು.

ಅಷ್ಟರಲ್ಲಿ ವಾಸನೆಯ ಸಮಸ್ಯೆ. ಎಲ್ಲೆಲ್ಲಿ ಹಳೆಯ ವಾಸನೆ ಉಳಿದಿದೆಯೋ ಅಲ್ಲಲ್ಲಿ ಬೆಕ್ಕಿಗೆ “ಇದು ಕಕ್ಕಸು” ಎಂದು ಬೋರ್ಡು ಬರೆದ ಹಾಗೆ. ಸೋಪು ನೀರಿಗೆ ಆ ವಾಸನೆ ಪೂರ್ತಿ ಹೋಗುವುದಿಲ್ಲ. ಬ್ಲೀಚ್ ಹಾಕಲೇಬಾರದು, ಉಚ್ಚೆಯ ಅಮೋನಿಯಾ ಜೊತೆ ಸೇರಿ ಉಸಿರುಗಟ್ಟಿಸುವ ಅನಿಲ ಏಳುತ್ತದೆ. ಬೇಕಾದದ್ದು ಎಂಜೈಮ್ ಇರುವ ಕ್ಲೀನರು. ಸುರಿದು, ನೆನೆಸಿ, ಉಜ್ಜದೆ ಬಿಟ್ಟು, ತಾನಾಗಿ ಒಣಗಲು ಬಿಡಬೇಕು. ಬೆಲ್ಲ, ನಿಂಬೆ ಸಿಪ್ಪೆ, ನೀರು ಹಾಕಿ ಮೂರು ತಿಂಗಳು ಕೊಳೆಸಿದ ಮನೆಯ ಬಯೋ ಎಂಜೈಮನ್ನೂ ಪ್ರಯೋಗಿಸಿದೆ. ವಾಸನೆ ಹೋಗಲಿಲ್ಲ. ನಿಂಬೆಯ ಘಾಟಿಗೆ ಇದ್ದಿಲು ಮಾತ್ರ ಆ ಕಡೆ ಸುಳಿಯಲಿಲ್ಲ.

ಆದರೆ ಸುರಿಯುವುದು ಎಲ್ಲೆಲ್ಲಿಗೆ? ಒಣಗಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಖೋಟಾ ನೋಟು ನೋಡುವ ನೇರಳೆ ಬೆಳಕಿನ ಟಾರ್ಚು ತರಿಸಿದೆ. ಕತ್ತಲಲ್ಲಿ ಬಿಟ್ಟರೆ ಬೆಕ್ಕಿನ ಉಚ್ಚೆ ಹಳದಿ ಹಸಿರಾಗಿ ಹೊಳೆಯುತ್ತದೆ. ರಾತ್ರಿ ಹತ್ತಕ್ಕೆ ಎಲ್ಲ ಲೈಟು ಆರಿಸಿ ಹೊರಟೆ. ಸೋಫಾದ ಹಿಂದೆ ಎರಡು ಕಲೆ, ಪುಸ್ತಕದ ಕಪಾಟಿನ ಕಾಲಿಗೆ ಒಂದು. ಆಮೇಲೆ ಅಡುಗೆಮನೆಗೆ ಬಂದರೆ ಎದೆ ಧಸಕ್ಕೆಂದಿತು. ಒಲೆಯ ಸುತ್ತ ಚಿಮುಕಿದ ಹಾಗೆ ಚುಕ್ಕೆಗಳು, ಸಾಂಬಾರ ಡಬ್ಬಿಯ ಮುಂದೆ ದೊಡ್ಡ ಹೊಳಪು. ಮುಂಬಾಗಿಲಿಗೆ ಹೋದೆ. ಹೊಸ್ತಿಲು ಈ ತುದಿಯಿಂದ ಆ ತುದಿಯವರೆಗೆ ಹಸಿರು ಹಳದಿಯಾಗಿ ಉರಿಯುತ್ತಿತ್ತು. ಲಕ್ಷ್ಮಿ ಬರುವ ಜಾಗದಲ್ಲೇ ಮಾಡಿದನಲ್ಲ ಎಂದು, ಅಡ್ಡಬಿದ್ದು ಹೊಸ್ತಿಲಿಗೆ ಮೂಗು ತಾಗಿಸಿ ಮೂಸುತ್ತಿದ್ದೆ. ಹಿಂದೆ ಅಮ್ಮನ ದನಿ: “ಏನೇ ಇದು, ಈ ಹೊತ್ತಲ್ಲಿ ಹೊಸ್ತಿಲಿಗೆ ನಮಸ್ಕಾರ?”

ಅರಿಶಿನ. ಕಾರ್ತೀಕ ಮಾಸವೆಂದು ಅವಳು ದಿನಾ ಸಂಜೆ ಹೊಸ್ತಿಲಿಗೆ ಅರಿಶಿನ ಬಳಿದು ಎರಡು ದೀಪ ಹಚ್ಚುತ್ತಿದ್ದಳು. ಅರಿಶಿನವೂ ಆ ಬೆಳಕಿಗೆ ಹೊಳೆಯುತ್ತದೆ. ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಬಟ್ಟೆಯೂ ಹೊಳೆಯುತ್ತದೆ, ಅದು ನೀಲಿಯಾಗಿ. ಹಾಗಾಗಿ ನಮ್ಮಂಥ ಮನೆಗಳಲ್ಲಿ ಟಾರ್ಚು ತೋರಿಸಿದ್ದನ್ನು ಮೂಗು ದೃಢಪಡಿಸಬೇಕು. ಈ ಎಚ್ಚರಿಕೆ ಟಾರ್ಚಿನ ಡಬ್ಬಿಯ ಮೇಲೆ ಬರೆದಿರಲಿಲ್ಲ.

ಸಿಕ್ಕ ಕಲೆಗಳನ್ನೆಲ್ಲ ಎಂಜೈಮಿನಲ್ಲಿ ನೆನೆಸಿ, ಒಣಗಿದ ಮೇಲೆ ಒಂದೊಂದು ಕಡೆ ಒಂದೊಂದು ಊಟದ ಬಟ್ಟಲು ಇಟ್ಟೆ. ಉಣ್ಣುವ ಜಾಗದಲ್ಲಿ ಬೆಕ್ಕು ಮಾಡುವುದಿಲ್ಲ. ಹತ್ತಿ ಹಾಸಿಗೆಗೆ ಮಾತ್ರ ಯಾವ ಉಪಾಯವೂ ನಡೆಯಲಿಲ್ಲ. ತಾರಸಿಯ ಬಿಸಿಲಿಗೆ ಹಾಕಿದರೆ ವಾಸನೆ ಹೋದ ಹಾಗೆ ಇರುತ್ತಿತ್ತು. ನವೆಂಬರ್ ಕೊನೆಗೆ ಫೆಂಗಲ್ ಚಂಡಮಾರುತದ ಮೋಡ ಬೆಂಗಳೂರಿಗೆ ಕವಿದು ಗಾಳಿ ತೇವವಾದದ್ದೇ ತಡ, ಬಲಿಪಾಡ್ಯಮಿಯ ರಾತ್ರಿ ಮರಳಿ ಬಂತು. ಹಾಸಿಗೆ ಬಿಚ್ಚಿಸಿ, ಕೆಟ್ಟ ಹತ್ತಿ ಎಸೆದು, ಉಳಿದದ್ದನ್ನು ಹಿಂಜಿಸಿ ಹೊಸದಾಗಿ ಹೊಲಿಸಿದೆವು. ಹಾಸಿಗೆ ಸ್ವಲ್ಪ ತೆಳುವಾಗಿದೆ. ಅಮ್ಮ ಅದರ ಬಗ್ಗೆ ಇನ್ನೂ ಏನೂ ಅಂದಿಲ್ಲ, ಅಂದರೆ ಮರೆತಿಲ್ಲ.

ನವೆಂಬರ್ 24ರಿಂದ ಇದ್ದಿಲು ಎಲ್ಲವನ್ನೂ ಟ್ರೇಯಲ್ಲೇ ಮಾಡತೊಡಗಿದ. ಈ ಕಾಯಿಲೆ ಮರುಕಳಿಸುವಂಥದ್ದು. ಜನವರಿಯಲ್ಲಿ ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆದ ಎರಡು ದಿನ ಮತ್ತೆ ಬಚ್ಚಲಿಗೆ ಹೋಗಿ ಕೂತ. ಈ ಸಲ ಗದರಲಿಲ್ಲ, ಬೆಳಗಾಗಲೆಂದು ಕಾಯಲೂ ಇಲ್ಲ. ಒಂದು ನೋವಿನ ಔಷಧಿ, ಕಪಾಟಿನ ಮೇಲೊಂದು ಕಂಬಳಿ ಹಾಸಿದ ಜಾಗ, ಸಂಜೆ ಕಾಲು ಗಂಟೆ ದಾರದ ಆಟ. ನಾಲ್ಕು ದಿನಕ್ಕೆ ಸರಿಹೋದ.

ಹೇಳದೆ ಉಳಿದದ್ದು ಹಾಲಿನ ಲೆಕ್ಕ. ಡಿಸೆಂಬರ್ 1, ಭಾನುವಾರ. ಹಾಲಿನ ಹುಡುಗ ತಿಂಗಳ ದುಡ್ಡಿಗೆ ಬಂದ. ನಾನು ಫೋನಿನಲ್ಲಿದ್ದೆ, ಅಡುಗೆಮನೆಗೆ ಹೋಗಿ ಕ್ಯಾಲೆಂಡರ್ ನೋಡಿ ಕೂಡಿಸಿಕೋ ಎಂದು ಕೈಸನ್ನೆ ಮಾಡಿದೆ. ನವೆಂಬರ್ ಪುಟದ ಮುಂದೆ ಅವನು ಬಹಳ ಹೊತ್ತು ನಿಂತ. ಬೆರಳು ಮಡಚಿದ, ಬಿಚ್ಚಿದ. ಕೊನೆಗೆ ಹೊರಗೆ ಬಂದು ತಲೆ ಕೆರೆದುಕೊಂಡ.

“ಮೇಡಂ, ಒಂಬತ್ತನೇ ತಾರೀಕು ಹದಿನೇಳು ಲೀಟರ್ ಅಂತ ಬರ್ದಿದ್ದೀರ. ನಾನು ಎರಡೇ ಪ್ಯಾಕೆಟ್ ಹಾಕಿದ್ದು.”

ಅಮ್ಮ ದೇವರಮನೆಯಿಂದಲೇ ಕೂಗಿದಳು: “ಅದು ನಿಂದಲ್ಲ ಕಣಪ್ಪಾ, ಬೆಕ್ಕಿಂದು!”